ಲಾರಿ ಚಾಲಕರ ನಿದ್ದೆಯ ಲೆಕ್ಕ

ಪೀಣ್ಯದ ಸುತ್ತಮುತ್ತಲಿನ ಶಾಲೆಗಳಿಗೆ ನಡೆದು ಹೋಗುವ ಮಕ್ಕಳಿಗೆ ದಾರಿಯುದ್ದಕ್ಕೂ ಜೊತೆ ಲಾರಿಗಳದು. ಕೈಗಾರಿಕಾ ಪ್ರದೇಶದ ಯಾವ ಅಡ್ಡರಸ್ತೆಗೆ ತಿರುಗಿದರೂ ಎಡಬದಿಗೆ ಸಾಲಾಗಿ ನಿಂತಿರುತ್ತವೆ. ಒಂದರ ಮಗ್ಗುಲಲ್ಲಿ ಸ್ಟೌ ಮೇಲೆ ಅನ್ನ ಬೇಯುತ್ತಿರುತ್ತದೆ. ಇನ್ನೊಂದರ ಕನ್ನಡಿಗೆ ಒದ್ದೆ ಟವೆಲು ನೇತಾಡುತ್ತಿರುತ್ತದೆ. ಮತ್ತೊಂದರ ಕ್ಯಾಬಿನ್ನಿನ ಕಿಟಕಿಯಿಂದ ಎರಡು ಪಾದಗಳು ಹೊರಗೆ ಚಾಚಿರುತ್ತವೆ. ಇದನ್ನೆಲ್ಲ ದಿನವೂ ನೋಡುವ ಎಂಟನೇ ತರಗತಿಯ ಹುಡುಗನೊಬ್ಬ, "ಸಾರ್, ಇವರು ಹಗಲೆಲ್ಲಾ ಮಲಗೇ ಇರ್ತಾರಲ್ಲ, ಕೆಲಸ ಮಾಡೋದು ಯಾವಾಗ?" ಎಂದು ಕೇಳಿದ. ಪ್ರಶ್ನೆ ಸಣ್ಣದು. ಉತ್ತರ ಹೇಳಹೊರಟರೆ ಕಾನೂನು, ಗಣಿತ, ಜೀವಶಾಸ್ತ್ರ, ಭೌತಶಾಸ್ತ್ರ ಎಲ್ಲವೂ ಬೇಕಾಗುತ್ತವೆ.

ಮೊದಲು ಕಾನೂನನ್ನು ನೋಡೋಣ. ಮೋಟಾರು ಸಾರಿಗೆ ಕೆಲಸಗಾರರ ಕಾಯ್ದೆ ಎಂಬುದು 1961ರಲ್ಲೇ ಬಂತು. ಅದರ ಪ್ರಕಾರ ಚಾಲಕನ ದುಡಿಮೆ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ. ದೂರದ ಮಾರ್ಗಗಳಿಗೆಂದು ಅನುಮತಿ ಪಡೆದರೂ ದಿನಕ್ಕೆ 10, ವಾರಕ್ಕೆ 54 ಗಂಟೆ ಮೀರುವಂತಿಲ್ಲ. ಸತತವಾಗಿ ಐದು ಗಂಟೆ ದುಡಿದರೆ ಅರ್ಧ ಗಂಟೆ ಬಿಡುವು ಕೊಡಬೇಕು. ಒಂದು ದಿನದ ಕೆಲಸ ಮುಗಿದು ಮರುದಿನದ ಕೆಲಸ ಆರಂಭವಾಗುವುದರ ನಡುವೆ ಒಂಬತ್ತು ಗಂಟೆಗಳ ವಿಶ್ರಾಂತಿ ಇರಬೇಕು. 1988ರ ಮೋಟಾರು ವಾಹನ ಕಾಯ್ದೆಯ 91ನೇ ಕಲಮು ಇದೇ ಲೆಕ್ಕವನ್ನು ಸಾರಿಗೆ ವಾಹನ ನಡೆಸುವ ಎಲ್ಲರಿಗೂ ಅನ್ವಯಿಸಿತು. ಹಳೆಯ ಕಾರ್ಮಿಕ ಕಾಯ್ದೆಗಳ ಜಾಗಕ್ಕೆ 2025ರ ನವೆಂಬರ್ 21ರಿಂದ ಹೊಸ ಸಂಹಿತೆಗಳು ಬಂದಿವೆ. ದಿನಕ್ಕೆ 8 ಗಂಟೆ ಎಂಬ ಮೂಲ ಅಳತೆ ಅಲ್ಲಿಯೂ ಉಳಿದಿದೆ. ಕಾಗದದ ಮೇಲೆ ನಮ್ಮ ಕಾನೂನು ಯಾವ ದೇಶದ್ದಕ್ಕೂ ಕಡಿಮೆಯೇನಲ್ಲ.

ಇನ್ನು ರಸ್ತೆಯ ಮೇಲಿನ ಲೆಕ್ಕ. ಸೇವ್‌ಲೈಫ್ ಫೌಂಡೇಷನ್ ಎಂಬ ಸಂಸ್ಥೆ ಬೆಂಗಳೂರೂ ಸೇರಿದಂತೆ ದೇಶದ ಹತ್ತು ನಗರಗಳಲ್ಲಿ ಲಾರಿ ಚಾಲಕರನ್ನು ಮಾತನಾಡಿಸಿ 2020ರಲ್ಲಿ ಒಂದು ವರದಿ ಪ್ರಕಟಿಸಿತು. ಸರಾಸರಿ ಚಾಲಕ ದಿನಕ್ಕೆ ಸುಮಾರು 12 ಗಂಟೆ ವಾಹನ ನಡೆಸಿ ಸುಮಾರು 417 ಕಿ.ಮೀ. ಕ್ರಮಿಸುತ್ತಾನೆ ಎಂದು ಅದರಲ್ಲಿದೆ. ದಣಿವು, ತೂಕಡಿಕೆ ಇದ್ದಾಗಲೂ ಓಡಿಸುತ್ತೇವೆ ಎಂದು ಒಪ್ಪಿಕೊಂಡವರು ಹೆಚ್ಚುಕಡಿಮೆ ಅರ್ಧದಷ್ಟು ಮಂದಿ.

417ನ್ನು 12ರಿಂದ ಭಾಗಿಸಿ. ಗಂಟೆಗೆ ಸುಮಾರು 35 ಕಿ.ಮೀ. ಬರುತ್ತದೆ. ಷಟ್ಪಥ ಹೆದ್ದಾರಿಯ ಕಾಲದಲ್ಲಿ ಇಷ್ಟೇನೇ ಎಂದು ನಿಮಗೆ ಅನ್ನಿಸಬಹುದು. ಘಾಟಿ ಏರುವುದು, ಊರೊಳಗೆ ತೆವಳುವುದು, ಟೋಲ್, ಡೀಸೆಲ್, ಊಟ ಎಲ್ಲ ಸೇರಿ ಸರಾಸರಿ ಇಷ್ಟಕ್ಕೆ ಇಳಿಯುತ್ತದೆ. ಇದೇ ವೇಗದಲ್ಲಿ 8 ಗಂಟೆಗೆ ಆಗುವುದು 280 ಕಿ.ಮೀ. ಪೀಣ್ಯದಿಂದ ಮುಂಬೈಗೆ ಸುಮಾರು 1000 ಕಿ.ಮೀ. ಎಂದಿಟ್ಟುಕೊಳ್ಳಿ. ಕಾನೂನಿನಂತೆ ಹೋದರೆ ಮೂರೂವರೆ ದಿನ, 12 ಗಂಟೆಯಂತೆ ಹೋದರೆ ಎರಡೂವರೆ ದಿನಕ್ಕೂ ಕಡಿಮೆ. ಉಳಿಯುವುದು ಒಂದು ದಿನ ಚಿಲ್ಲರೆ.

ಆ ಒಂದು ದಿನಕ್ಕೆ ಅವಸರ ಯಾರದು? ಸರಕಿನ ಜೊತೆ ಇರುವ ಇ-ವೇ ಬಿಲ್ಲಿನದಿರಬಹುದೇ ಎಂದು ಮೊದಲು ಅನುಮಾನ ಬರುತ್ತದೆ, ಏಕೆಂದರೆ ಅದಕ್ಕೊಂದು ಅವಧಿ ಇದೆ. ಆದರೆ 2021ರ ಜನವರಿಯಿಂದ ಅದರ ಲೆಕ್ಕ 200 ಕಿ.ಮೀ.ಗೆ ಒಂದು ದಿನ. ಮುಂಬೈಗೆ ಐದು ದಿನ ಸಿಗುತ್ತದೆ. ಸರ್ಕಾರದ ಕಾಗದ ಅವಸರ ಮಾಡುತ್ತಿಲ್ಲ. ಅವಸರ ಹುಟ್ಟುವುದು ಟ್ರಿಪ್ಪಿನ ಲೆಕ್ಕದಲ್ಲಿ. ಬಹಳಷ್ಟು ಕಡೆ ಚಾಲಕನ ಸಂಪಾದನೆ ಗಂಟೆಗೆ ಇಷ್ಟು ಎಂದಲ್ಲ, ಟ್ರಿಪ್ಪಿಗೆ ಇಷ್ಟು. ಹೋಗಿಬರುವ ಟ್ರಿಪ್ಪು ಆರು ದಿನಕ್ಕೆ ಮುಗಿದರೆ ತಿಂಗಳಿಗೆ ಐದು, ಹತ್ತು ದಿನ ಹಿಡಿದರೆ ಮೂರು. ಲಾರಿಯ ಸಾಲದ ಕಂತು ಮಾತ್ರ ಎರಡು ಸಂದರ್ಭದಲ್ಲೂ ಅಷ್ಟೇ. ನ್ಯಾಷನಲ್ ಪರ್ಮಿಟ್ ಲಾರಿಯಲ್ಲಿ ಇಬ್ಬರು ಚಾಲಕರಿರಬೇಕು ಎಂಬ ನಿಯಮ ಮೊದಲು ಇತ್ತು. 2018ರಲ್ಲಿ ಅದನ್ನು ಸಡಿಲಿಸಲಾಯಿತು. ಕ್ಲೀನರ್ ಹುಡುಗರಂತೂ ಎಷ್ಟೋ ಲಾರಿಗಳಿಂದ ಮಾಯವಾಗಿದ್ದಾರೆ. ಸ್ಟೀರಿಂಗ್ ಹಿಡಿಯುವವನೂ ಅವನೇ, ಹಿಂದೆ ತೆಗೆಯುವಾಗ ಇಳಿದು ನೋಡುವವನೂ ಅವನೇ, ಅಡುಗೆಯೂ ಅವನದೇ, ರಾತ್ರಿ ಕಾವಲೂ ಅವನದೇ.

ಇಷ್ಟು ಅವಸರದಲ್ಲಿ ಬಂದವನು ಪೀಣ್ಯದಲ್ಲಿ ಏನು ಮಾಡುತ್ತಾನೆ? ಕಾಯುತ್ತಾನೆ. ನಮ್ಮ ಹುಡುಗ ನೋಡಿದ್ದು ಇದನ್ನೇ. ಬೆಂಗಳೂರಿನ ಸಂಚಾರ ಪೊಲೀಸರು ಬೆಳಿಗ್ಗೆ ಮತ್ತು ಸಂಜೆಯ ದಟ್ಟಣೆಯ ವೇಳೆ ನಗರದೊಳಗೆ ಭಾರಿ ಸರಕು ವಾಹನಗಳಿಗೆ ನಿರ್ಬಂಧ ಹಾಕಿದ್ದಾರೆ. ಶಾಲೆ, ಕಚೇರಿಗೆ ಹೋಗುವ ನಮಗೆಲ್ಲ ಇದು ಬೇಕಾದದ್ದೇ. ಆದ್ದರಿಂದ ಲಾರಿಗಳು ನಸುಕಿಗೆ ಮುಂಚೆಯೇ ಒಳಗೆ ಬಂದು ಸೇರಿಕೊಳ್ಳುತ್ತವೆ. ಕಾರ್ಖಾನೆಯ ಸ್ಟೋರ್ಸ್ ತೆರೆಯುವುದು ಮಾತ್ರ ಹಗಲಿನ ಪಾಳಿಯಲ್ಲಿ. ಸ್ಟೋರ್ಸಿನವರು ಬರಬೇಕು, ಬಿಲ್ಲು ತಾಳೆಯಾಗಬೇಕು, ಹಮಾಲಿಗಳು ಸಿಗಬೇಕು, ಮುಂದಿನ ಲಾರಿ ಖಾಲಿಯಾಗಬೇಕು. ಮಧ್ಯಾಹ್ನ ಊಟದ ವೇಳೆ. ಸಂಜೆಗೆ "ನಾಳೆ ನೋಡೋಣ" ಎಂದರೂ ಎಂದರೇ. ನಗರ ಅವನನ್ನು ರಾತ್ರಿ ಬಾ ಎನ್ನುತ್ತದೆ, ಕಾರ್ಖಾನೆ ಹಗಲು ಬಾ ಎನ್ನುತ್ತದೆ.

ಪೀಣ್ಯದವರಿಗೆ ನೆನಪಿರಬಹುದು. ತುಮಕೂರು ರಸ್ತೆಯ ಮೇಲ್ಸೇತುವೆಯ ಎರಡು ಕಂಬಗಳ ನಡುವಿನ ಉಕ್ಕಿನ ಕೇಬಲ್‌ಗಳಲ್ಲಿ ದೋಷ ಕಂಡು 2021ರ ಡಿಸೆಂಬರಿನಲ್ಲಿ ಅದನ್ನು ಮುಚ್ಚಿದರು. ಎರಡು ತಿಂಗಳೊಳಗೆ ಹಗುರ ವಾಹನಗಳನ್ನು ಬಿಟ್ಟರು. ಲಾರಿ, ಬಸ್ಸುಗಳಿಗೆ ಮತ್ತೆ ದಾರಿ ಸಿಕ್ಕಿದ್ದು 2024ರ ಜುಲೈ ಕೊನೆಗೆ. ಎರಡೂವರೆ ವರ್ಷ ಇಡೀ ಭಾರಿ ಸಂಚಾರ ಕೆಳಗಿನ ರಸ್ತೆಯಲ್ಲಿ ಗೊರಗುಂಟೆಪಾಳ್ಯದ ತನಕ ತೆವಳಿತು. ಅಷ್ಟು ಗಂಟೆಗಳು ಯಾರ ಖಾತೆಗೆ ಹೋದವು ಎಂದು ಕೇಳಿದವರಿಲ್ಲ.

ಈ ಕಾಯುವಿಕೆಯ ಬಗ್ಗೆ 1961ರ ಕಾಯ್ದೆಯಲ್ಲಿ ಒಂದು ಕುತೂಹಲದ ಮಾತಿದೆ. ಕೆಲಸದ ಗಂಟೆಗಳು ಎಂದರೇನು ಎಂದು ವಿವರಿಸುವಾಗ ಅದು ವಾಹನ ಓಡುವ ವೇಳೆಯನ್ನು ಸೇರಿಸುತ್ತದೆ, ಜೊತೆಗಿನ ಚಿಲ್ಲರೆ ಕೆಲಸಗಳನ್ನು ಸೇರಿಸುತ್ತದೆ, ನಿಲ್ದಾಣದಲ್ಲಿ ಸುಮ್ಮನೆ ಹಾಜರಿರುವ ವೇಳೆ ಹದಿನೈದು ನಿಮಿಷಕ್ಕಿಂತ ಕಡಿಮೆಯಿದ್ದರೆ ಅದನ್ನೂ ಸೇರಿಸುತ್ತದೆ. ಅದಕ್ಕಿಂತ ಉದ್ದದ ಕಾಯುವಿಕೆಯನ್ನು ಹೆಸರಿಸುವುದಿಲ್ಲ. ಬಸ್ಸು ನಿಲ್ದಾಣದಲ್ಲಿ ನಿಂತಾಗ ಚಾಲಕ ಇಳಿದು ಹೋಗಿ ಆರಾಮವಾಗಿರಬಹುದು ಎಂಬ ಕಲ್ಪನೆಯಿಂದ ಇದು ಬಂದಿರಬೇಕು. ಲಾರಿಯವನ ವಿಷಯ ಹಾಗಲ್ಲ. ಗೇಟಿನ ಮುಂದಿನ ಸಾಲು ಇಪ್ಪತ್ತು ನಿಮಿಷಕ್ಕೊಮ್ಮೆ ಒಂದು ಲಾರಿಯಷ್ಟು ಮುಂದೆ ಸರಿಯುತ್ತದೆ. ಆಗ ಎದ್ದು ಗಾಡಿ ಚಾಲೂ ಮಾಡದಿದ್ದರೆ ಸರದಿ ಹೋಯಿತು. ದಿನದ ಕೆಲಸ ಬಿಡುವೂ ಸೇರಿ 12 ಗಂಟೆಗಿಂತ ಹೆಚ್ಚು ಹರಡಬಾರದು ಎಂದೂ ಅದೇ ಕಾಯ್ದೆ ಹೇಳಿತ್ತು, ನಿಜ. ಆದರೆ ಗೇಟಿನ ಮುಂದೆ ಅದನ್ನು ಗಡಿಯಾರ ಹಿಡಿದು ನೋಡುವವರು ಯಾರು?

ಕಾನೂನು ಎಣಿಸದಿದ್ದರೂ ದೇಹ ಎಣಿಸುತ್ತದೆ. ಇಲ್ಲಿಂದ ಜೀವಶಾಸ್ತ್ರ.

ನಾವು ಎಚ್ಚರವಾಗಿದ್ದಷ್ಟು ಹೊತ್ತೂ ಮಿದುಳಿನಲ್ಲಿ ಅಡೆನೋಸಿನ್ ಎಂಬ ರಾಸಾಯನಿಕ ಸ್ವಲ್ಪ ಸ್ವಲ್ಪವೇ ಸೇರುತ್ತ ಹೋಗುತ್ತದೆ. ಅದು ಹೆಚ್ಚಿದಂತೆ ನಿದ್ದೆಯ ಒತ್ತಡವೂ ಹೆಚ್ಚುತ್ತದೆ. ಮಲಗಿದಾಗ ಇಳಿಯುತ್ತದೆ. ಚಹಾ, ಕಾಫಿಯಲ್ಲಿರುವ ಕೆಫೀನ್ ಈ ಅಡೆನೋಸಿನ್ ಕೂರಬೇಕಾದ ಜಾಗಗಳಲ್ಲಿ ತಾನು ಹೋಗಿ ಕೂರುತ್ತದೆ. ಆದ್ದರಿಂದ ಕೆಲಹೊತ್ತು ನಿದ್ದೆ ಬಂದದ್ದು ಗೊತ್ತಾಗುವುದಿಲ್ಲ. ಹೋದದ್ದು ನಿದ್ದೆಯಲ್ಲ, ನಿದ್ದೆ ಬರುತ್ತಿದೆ ಎಂಬ ಸುದ್ದಿ ಮಾತ್ರ. ಇದರ ಜೊತೆಗೆ ದೇಹದೊಳಗೆ ಹಗಲು ರಾತ್ರಿಯ ಗಡಿಯಾರವೊಂದಿದೆ. ಜೀವಕೋಶದ ಮಟ್ಟದಲ್ಲಿ ಅದು ಹೇಗೆ ನಡೆಯುತ್ತದೆಂದು ತೋರಿಸಿದ ಹಾಲ್, ರಾಸ್‌ಬಾಶ್ ಮತ್ತು ಯಂಗ್ ಎಂಬ ಮೂವರಿಗೆ 2017ರ ನೊಬೆಲ್ ಬಹುಮಾನ ಬಂತು. ಬೆಳಗಿನ ಜಾವ ಎರಡರಿಂದ ಐದರವರೆಗೆ ಈ ಗಡಿಯಾರ ದೇಹವನ್ನು ಅತ್ಯಂತ ಕೆಳಗೆ ಇಳಿಸಿರುತ್ತದೆ. ಪರೀಕ್ಷೆಗೆ ರಾತ್ರಿಯಿಡೀ ಓದುವ ಮಕ್ಕಳಿಗೆ ಈ ಹೊತ್ತು ಹೇಗಿರುತ್ತದೆಂದು ನಾನು ಹೇಳಬೇಕಾಗಿಲ್ಲ.

ಈಗ ಒಬ್ಬ ಚಾಲಕನ ದಿನವನ್ನು ಊಹಿಸಿಕೊಳ್ಳಿ. ಬೆಳಿಗ್ಗೆ ಐದಕ್ಕೆ ಎದ್ದು ಗೇಟಿನ ಮುಂದೆ ಬಂದು ಸಾಲಿನಲ್ಲಿ ನಿಂತ. ದಿನವಿಡೀ ಕಾದು, ನಡುನಡುವೆ ಕೋಳಿನಿದ್ದೆ ತೆಗೆದು, ಸಂಜೆಗೆ ಲೋಡು ಇಳಿಸಿ, ಬೇರೆ ಕಡೆ ಹೋಗಿ ಹೊಸ ಲೋಡು ತುಂಬಿಸಿಕೊಂಡ. ರಸ್ತೆ ತೆರವಾದಾಗ ರಾತ್ರಿ ಹತ್ತು. ಎದ್ದು 17 ಗಂಟೆಯಾಯಿತು. ಆಸ್ಟ್ರೇಲಿಯಾದ ಡಾಸನ್ ಮತ್ತು ರೀಡ್ ಎಂಬ ಸಂಶೋಧಕರು 1997ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಒಂದೇ ಗುಂಪಿನ ಜನರಿಗೆ ಒಮ್ಮೆ ಮದ್ಯ ಕೊಟ್ಟು, ಇನ್ನೊಮ್ಮೆ ನಿದ್ದೆಗೆಡಿಸಿ, ಕಣ್ಣು ಕೈಗಳ ಹೊಂದಾಣಿಕೆಯನ್ನು ಅಳೆದಿದ್ದರು. 17 ಗಂಟೆ ಎಚ್ಚರವಾಗಿದ್ದವನ ಕೈಚಳಕ, 100 ಮಿ.ಲೀ. ರಕ್ತದಲ್ಲಿ 50 ಮಿ.ಗ್ರಾಂ. ಮದ್ಯಸಾರ ಇದ್ದವನ ಮಟ್ಟಕ್ಕೆ ಇಳಿದಿತ್ತು. 24 ಗಂಟೆಗೆ ಅದು 100 ಮಿ.ಗ್ರಾಂ.ಗೆ ಸಮನಾಯಿತು.

ನಮ್ಮ ಕಾನೂನಿನಲ್ಲಿ ಚಾಲಕನಿಗೆ ಇರುವ ಮಿತಿ 30 ಮಿ.ಗ್ರಾಂ.

ಎಂದರೆ ನಮ್ಮ ಚಾಲಕ ಒಂದು ಹನಿಯೂ ಕುಡಿಯದೆ, ಆ ದಿನ ಹೆಸರಿಗೆ ಮೂರು ನಾಲ್ಕು ಗಂಟೆಯಷ್ಟೇ 'ಕೆಲಸ' ಮಾಡಿ, ಹತ್ತು ಗಂಟೆಗೆ ನೆಲಮಂಗಲದ ಕಡೆ ಹೊರಡುವಾಗಲೇ ಕುಡಿದು ಓಡಿಸುವವನ ಮಿತಿಯನ್ನು ದಾಟಿದ್ದಾನೆ. ಪೊಲೀಸರ ಊದುವ ಯಂತ್ರ ಸೊನ್ನೆ ತೋರಿಸುತ್ತದೆ. ಬೆಳಗಿನ ಜಾವ ಐದಕ್ಕೆ, ದೇಹದ ಗಡಿಯಾರವೂ ಕೆಳಗಿಳಿದ ಹೊತ್ತಿನಲ್ಲಿ, ಅವನು ಚಿತ್ರದುರ್ಗದ ಆಸುಪಾಸಿನಲ್ಲಿರುತ್ತಾನೆ. ಹಗಲು ಮಲಗಿದ್ದನಲ್ಲ ಎನ್ನುವಿರಾದರೆ, ನಿದ್ದೆಯ ಒಂದು ಪೂರ್ಣ ಸುತ್ತಿಗೆ ಸುಮಾರು ಒಂದೂವರೆ ಗಂಟೆ ಬೇಕು. ಇಪ್ಪತ್ತು ನಿಮಿಷದ ಮಂಪರು ಅಷ್ಟಿಷ್ಟು ಚೇತರಿಕೆ ಕೊಡುತ್ತದೆ, ರಾತ್ರಿಯ ನಿದ್ದೆಯ ಬದಲಿಗೆ ಆಗುವುದಿಲ್ಲ. ಬಿಸಿಲಿಗೆ ಕಾದ ತಗಡಿನ ಕ್ಯಾಬಿನ್ನಿನಲ್ಲಂತೂ ಅದೂ ದೂರ. ಹೊಸದಾಗಿ ತಯಾರಾಗುವ ಮಧ್ಯಮ, ಭಾರಿ ಲಾರಿಗಳ ಕ್ಯಾಬಿನ್ನಿಗೆ ಹವಾನಿಯಂತ್ರಣ ಇರಲೇಬೇಕೆಂಬ ನಿಯಮ 2025ರಲ್ಲಿ ಜಾರಿಗೆ ಬಂತು. ರಸ್ತೆಯ ಮೇಲಿರುವ ಹಳೆಯ ಲಾರಿಗಳು ಸವೆದು ಮುಗಿಯುವವರೆಗೆ ಬೆವರು ತಪ್ಪದು.

ತೂಕಡಿಕೆ ಹೆಚ್ಚಾದಾಗ ಮಿದುಳು ಕೇಳದೆಯೇ ಎರಡು ಮೂರು ಸೆಕೆಂಡು ನಿದ್ದೆಗೆ ಜಾರಿಬಿಡುತ್ತದೆ. ಕಣ್ಣು ತೆರೆದಿದ್ದರೂ ಹೀಗಾಗಬಹುದು. ಗಂಟೆಗೆ 60 ಕಿ.ಮೀ. ವೇಗದಲ್ಲಿ ಲಾರಿ ಸೆಕೆಂಡಿಗೆ 16.7 ಮೀಟರ್ ಹೋಗುತ್ತದೆ. ಮೂರು ಸೆಕೆಂಡಿಗೆ 50 ಮೀಟರ್. ಶಾಲೆಯ ಮೈದಾನದಲ್ಲಿ 50 ಮೀಟರ್ ಅಳೆದು ನಿಂತು ನೋಡಿ. ಅಷ್ಟು ದೂರ 28.5 ಟನ್ ತೂಕದ ಹತ್ತು ಚಕ್ರದ ಲಾರಿ ಯಾರ ಹಿಡಿತವೂ ಇಲ್ಲದೆ ಬರುತ್ತದೆ.

ಹಾಗಾದರೆ ನಿದ್ದೆ ಬಂದ ಕೂಡಲೇ ಬದಿಗೆ ನಿಲ್ಲಿಸಿ ಮಲಗಬಾರದೇ? ನನಗೆ ಪರಿಚಯವಿರುವ ಶಿರಾ ಕಡೆಯ ಹಿರಿಯ ಚಾಲಕರೊಬ್ಬರನ್ನು ಹೀಗೇ ಕೇಳಿದೆ. "ಮೇಷ್ಟ್ರೇ, ನಿದ್ದೆ ಬಂದಾಗ ಜಾಗ ಸಿಗಲ್ಲ. ಜಾಗ ಸಿಕ್ಕಿದ್ರೆ ಟಾರ್ಪಾಲು, ಡೀಸೆಲ್ಲು ಕಾಯ್ತಾ ಒಂದು ಕಣ್ಣು ಬಿಟ್ಕೊಂಡೇ ಮಲಗ್ಬೇಕು. ರಸ್ತೆ ಬದಿ ನಿಲ್ಲಿಸಿದ್ರೆ ಪೊಲೀಸ್ರು ಎಬ್ಬಿಸ್ತಾರೆ. ಅವರದೂ ತಪ್ಪಲ್ಲ ಬಿಡಿ" ಎಂದರು.

ಅವರದೂ ತಪ್ಪಲ್ಲ ಎಂಬುದಕ್ಕೆ ಭೌತಶಾಸ್ತ್ರದ ಲೆಕ್ಕವಿದೆ. ಇದನ್ನು ಬೈಕು ಹತ್ತಲು ಕಾಯುತ್ತಿರುವ ಪಿ.ಯು. ವಿದ್ಯಾರ್ಥಿಗಳು ಗಮನವಿಟ್ಟು ಮಾಡಬೇಕು. ಕತ್ತಲಲ್ಲಿ ದೀಪವಿಲ್ಲದ ಲಾರಿಯೊಂದು ರಸ್ತೆ ಬದಿ ನಿಂತಿದೆ. ನಿಮ್ಮ ವಾಹನದ ಡಿಮ್ ಬೆಳಕಿನಲ್ಲಿ ಅದು ಸುಮಾರು 50 ಮೀಟರ್ ದೂರದಲ್ಲಿ ಕಂಡಿತು ಎನ್ನೋಣ. ಗಂಟೆಗೆ 72 ಕಿ.ಮೀ. ಎಂದರೆ ಸೆಕೆಂಡಿಗೆ 20 ಮೀಟರ್. ಕಂಡು, ಅರ್ಥವಾಗಿ, ಬ್ರೇಕಿಗೆ ಕಾಲು ಹೋಗುವಷ್ಟರಲ್ಲಿ ಒಂದೂವರೆ ಸೆಕೆಂಡು, ಅಂದರೆ 30 ಮೀಟರ್. ಒಣ ರಸ್ತೆಯಲ್ಲಿ ಒಳ್ಳೆಯ ಬ್ರೇಕು ಸೆಕೆಂಡಿಗೆ 7 ಮೀಟರಿನಂತೆ ವೇಗ ಇಳಿಸುತ್ತದೆಂದರೆ, ನಿಲ್ಲಲು ವೇಗದ ವರ್ಗವನ್ನು 14ರಿಂದ ಭಾಗಿಸಿದಷ್ಟು ದೂರ ಬೇಕು. 400ನ್ನು 14ರಿಂದ ಭಾಗಿಸಿದರೆ 28.6. ಒಟ್ಟು 58 ಮೀಟರ್ ದಾಟಿತು. ಲಾರಿ ಇರುವುದು 50ರಲ್ಲಿ. ಇದೇ ಲೆಕ್ಕವನ್ನು 54 ಕಿ.ಮೀ. ವೇಗಕ್ಕೆ ಮಾಡಿ. 22.5 ಮತ್ತು 16 ಸೇರಿ 39ರೊಳಗೆ ನಿಲ್ಲುತ್ತದೆ. ಮಳೆ ಬಂದಿದ್ದರೆ ಬ್ರೇಕಿನ ಹಿಡಿತ ಇನ್ನೂ ಕಡಿಮೆ.

ಲಾರಿಗಳ ಹಿಂಬದಿಗೆ ಕೆಂಪು, ಪಕ್ಕಕ್ಕೆ ಹಳದಿ ಹೊಳೆಯುವ ಪಟ್ಟಿ ಅಂಟಿಸಿರುವುದು ಇದಕ್ಕಾಗಿ. ಕನ್ನಡಿ ಬೆಳಕನ್ನು ಬೇರೆ ದಿಕ್ಕಿಗೆ ತಿರುಗಿಸುತ್ತದೆ. ಈ ಪಟ್ಟಿಯೊಳಗಿನ ಸಣ್ಣ ಮಣಿಗಳು ಅಥವಾ ಪಟ್ಟಕಗಳು ಬೆಳಕನ್ನು ಬಂದ ದಾರಿಯಲ್ಲೇ ಹಿಂದಕ್ಕೆ ಕಳಿಸುತ್ತವೆ. ರಾತ್ರಿ ಟಾರ್ಚನ್ನು ಕಣ್ಣಿನ ಪಕ್ಕದಲ್ಲೇ ಹಿಡಿದು ನಿಂತ ಲಾರಿಯ ಪಟ್ಟಿಯ ಮೇಲೆ ಬಿಡಿ, ಉರಿಯುವಂತೆ ಕಾಣುತ್ತದೆ. ಹತ್ತು ಹೆಜ್ಜೆ ಪಕ್ಕಕ್ಕೆ ನಿಂತ ನಿಮ್ಮ ಗೆಳೆಯನಿಗೆ ಮಂಕಾಗಿಯೇ ಕಾಣುತ್ತದೆ. ಈ ಪಟ್ಟಿಯ ಶತ್ರು ಧೂಳು ಮತ್ತು ಕೆಸರು. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು, ನೂರಾರು ಮೀಟರ್ ದೂರದಿಂದ ಲಾರಿ ಗೊತ್ತಾಗುತ್ತದೆ. ಕೆಟ್ಟು ನಿಂತ ಲಾರಿಯ ಹಿಂದೆ ಕಲ್ಲು, ಸೊಪ್ಪಿನ ಕೊಂಬೆ ಇಡುವ ಹಳೆಯ ಪದ್ಧತಿಯಲ್ಲಿ ಸೊಪ್ಪು ಪರವಾಗಿಲ್ಲ. ಲಾರಿ ಹೋದ ಮೇಲೂ ಕಲ್ಲು ಅಲ್ಲೇ ಉಳಿಯುತ್ತದೆ, ಅದು ಬೈಕಿನವನಿಗೆ ಮೃತ್ಯು.

ಲಾರಿ ನಿಲ್ಲಿಸಲೆಂದೇ ಇರುವ ಜಾಗ ಇಲ್ಲವೇ ಇಲ್ಲ ಎಂದೇನಲ್ಲ. ಯಶವಂತಪುರದಲ್ಲಿ ರಾಜ್ಯ ಸರ್ಕಾರದ ಕಂಪನಿ ನಡೆಸುವ ದೇವರಾಜ ಅರಸು ಟ್ರಕ್ ಟರ್ಮಿನಲ್ ಇದೆ. ತುಮಕೂರು ರಸ್ತೆಯಲ್ಲಿ ಬಂದವರಿಗೆ ಅನುಕೂಲ. ಆದರೆ ಅತ್ತಿಬೆಲೆ ದಾಟಿ ಬೊಮ್ಮಸಂದ್ರ, ಎಲೆಕ್ಟ್ರಾನಿಕ್ ಸಿಟಿಗೆ ಬಂದವರಿಗೆ ಅದು ಊರಿನ ಇನ್ನೊಂದು ತುದಿ. ವೈಟ್‌ಫೀಲ್ಡಿನದು ಇನ್ನೂ ಬೇರೆ ಕಥೆ. ದೇಶದ ಮೊದಲ ಒಳನಾಡು ಕಂಟೇನರ್ ಡಿಪೋ 1981ರಲ್ಲಿ ಶುರುವಾದದ್ದು ಬೆಂಗಳೂರಿನಲ್ಲಿ. ಇವತ್ತು ವೈಟ್‌ಫೀಲ್ಡಿನ ಡಿಪೋಗೆ 40 ಅಡಿಯ ಕಂಟೇನರ್ ಹೊತ್ತ ಟ್ರೇಲರುಗಳು ಬರುತ್ತವೆ. ಸುತ್ತಲೂ ತೋಟ, ಗದ್ದೆ ಇದ್ದಾಗ ಅವು ಎಲ್ಲಿ ನಿಂತರೂ ನಡೆಯುತ್ತಿತ್ತು. ಈಗ ಸುತ್ತಲೂ ಸಾಫ್ಟ್‌ವೇರ್ ಕಚೇರಿ, ಶಾಲೆ, ಅಪಾರ್ಟ್‌ಮೆಂಟು. ಟ್ರೇಲರಿನ ಪಕ್ಕದಲ್ಲೇ ಸ್ಕೂಲ್ ವ್ಯಾನು ನುಗ್ಗಬೇಕು. ದಾಬಸ್‌ಪೇಟೆಯಿಂದ ದೊಡ್ಡಬಳ್ಳಾಪುರದ ಮೇಲೆ ಹೊಸಕೋಟೆಗೆ ಹೋಗುವ ಹೊರ ವರ್ತುಲ ಹೆದ್ದಾರಿ 2024ರ ವೇಳೆಗೆ ತೆರೆದದ್ದರಿಂದ ಊರು ಮುಟ್ಟದೆ ಮುಂದೆ ಹೋಗುವ ಲಾರಿಗಳಿಗೆ ದಾರಿಯಾಗಿದೆ. ಊರಿಗೇ ಬರಬೇಕಾದವುಗಳ ಸಮಸ್ಯೆ ಹಾಗೆಯೇ ಉಳಿದಿದೆ. ಹೆದ್ದಾರಿಗಳ ಬದಿ ಚಾಲಕರಿಗಾಗಿ ಮೊದಲ ಹಂತದಲ್ಲಿ ಸಾವಿರ ವಿಶ್ರಾಂತಿ ಕಟ್ಟಡಗಳು ಎಂದು ಪ್ರಧಾನಿಯವರು 2024ರ ಫೆಬ್ರುವರಿಯಲ್ಲಿ ಘೋಷಿಸಿದರು. ತೈಲ ಕಂಪನಿಗಳು ಕೆಲವು ಪೆಟ್ರೋಲ್ ಬಂಕುಗಳಲ್ಲಿ 'ಅಪ್ನಾ ಘರ್' ಹೆಸರಿನಲ್ಲಿ ಹಾಸಿಗೆ, ಸ್ನಾನದ ವ್ಯವಸ್ಥೆ ಮಾಡಿವೆ. ಒಳ್ಳೆಯದೇ. ಪೀಣ್ಯದ ಅಡ್ಡರಸ್ತೆಗೆ ಅವು ಬರುವುದಿಲ್ಲ.

ಗಂಟೆಗಳಿಗೂ ಜಾಗಕ್ಕೂ ಇರುವ ನಂಟು ಬೇರೆ ದೇಶಗಳಲ್ಲೂ ಕಾಣುತ್ತದೆ. ಯುರೋಪಿನ ಲಾರಿಗಳಲ್ಲಿ ಟ್ಯಾಕೋಗ್ರಾಫ್ ಎಂಬ ಯಂತ್ರವೊಂದು ಓಡಿದ ಪ್ರತಿ ನಿಮಿಷವನ್ನು ದಾಖಲಿಸುತ್ತದೆ. ನಾಲ್ಕೂವರೆ ಗಂಟೆಗೆ ಮುಕ್ಕಾಲು ಗಂಟೆ ಬಿಡುವು, ದಿನಕ್ಕೆ 9 ಗಂಟೆ ಚಾಲನೆ, ವಾರದಲ್ಲಿ ಎರಡು ದಿನ ಮಾತ್ರ 10. ಅಮೆರಿಕದಲ್ಲಿ ಹತ್ತು ಗಂಟೆ ವಿಶ್ರಾಂತಿಯ ನಂತರ 14 ಗಂಟೆಯೊಳಗೆ 11 ಗಂಟೆ ಓಡಿಸಬಹುದು. ಕಾಯುತ್ತ ಕುಳಿತರೂ ಆ 14 ಗಂಟೆ ಕರಗುತ್ತಲೇ ಇರುತ್ತದೆ. ಗಂಟೆ ಮುಗಿದರೆ ನಿಲ್ಲಿಸಲೇಬೇಕು, ಆದರೆ ಎಲ್ಲಿ? 2009ರಲ್ಲಿ ಅಲ್ಲಿನ ಜೇಸನ್ ಎಂಬ ಚಾಲಕ ಲೋಡು ಇಳಿಸುವ ಜಾಗಕ್ಕೆ ನಿಗದಿತ ವೇಳೆಗಿಂತ ಮುಂಚೆ ಬಂದ. ಕಾಯಲು ಬೇರೆ ಜಾಗವಿಲ್ಲದೆ ಪಾಳುಬಿದ್ದ ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿದ. ಅಲ್ಲಿ ಅವನನ್ನು ದೋಚಿ ಕೊಂದರು. ಅವನ ಹೆಂಡತಿಯ ಹೋರಾಟದ ಫಲವಾಗಿ ಲಾರಿ ನಿಲುಗಡೆಗೆ ಹಣ ಒದಗಿಸುವ ಕಾನೂನು 2012ರಲ್ಲಿ ಬಂತು. ಜನ ಅದನ್ನು ಕರೆಯುವುದು 'ಜೇಸನ್ಸ್ ಲಾ' ಎಂದೇ.

ಈ ಪುಟ ಓದುವ ಪಾಲಕರಲ್ಲಿ ಕಾರ್ಖಾನೆಯ ಸ್ಟೋರ್ಸಿನಲ್ಲಿ, ಭದ್ರತಾ ವಿಭಾಗದಲ್ಲಿ ಇರುವವರು ಹಲವರು ಇರುತ್ತೀರಿ. ನಿಮ್ಮ ಗೇಟಿನ ರಿಜಿಸ್ಟರಿನಲ್ಲಿ ಲಾರಿ ನಂಬರಿನ ಮುಂದೆ ಸಾಮಾನ್ಯವಾಗಿ ಎರಡು ಕಾಲಮ್ಮುಗಳಿರುತ್ತವೆ, ಒಳಗೆ ಬಂದ ವೇಳೆ ಮತ್ತು ಹೊರಗೆ ಹೋದ ವೇಳೆ. ಗೇಟಿನ ಹೊರಗೆ ನಿಂತ ಗಂಟೆಗಳು ಎಲ್ಲೂ ದಾಖಲಾಗುವುದಿಲ್ಲ. ಪೆನ್ಸಿಲಿನಲ್ಲಿ ಮೂರನೆಯದೊಂದು ಕಾಲಮ್ಮು ಎಳೆದು, ಲಾರಿ ಬಂದು ಸಾಲಿನಲ್ಲಿ ನಿಂತ ವೇಳೆಯನ್ನು ಒಂದು ವಾರ ಬರೆಸಿ ನೋಡಿ. ಸರಾಸರಿ ತೆಗೆಯುವ ಕೆಲಸವನ್ನು ಮನೆಯಲ್ಲಿರುವ ಎಂಟನೇ ತರಗತಿಯವರಿಗೆ ಬಿಡಿ. ಬಂದ ಸಂಖ್ಯೆಯನ್ನು ಕಾರ್ಖಾನೆಯ ಹೆಸರಿಲ್ಲದೆ ನನಗೂ ಬರೆದು ತಿಳಿಸಿ.